ಮಾವನವರ ವಿಮಾನದ ತಾಟು

ಆ ತಾಟನ್ನು ನಾನೇ ಕೊಟ್ಟೆ. ಹಳೆಯ ಸಾಮಾನು ತೆಗೆದುಕೊಂಡು ಹೊಸ ಪಾತ್ರೆ ಕೊಡುವ ಹೆಂಗಸಿಗೆ, ಬ್ಯಾಡಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಒಂದು ಸ್ಟೀಲ್ ಡಬ್ಬಿಗಾಗಿ. ಗೊತ್ತಿಲ್ಲದೆ ಅಲ್ಲ — ಗೊತ್ತಿದ್ದೇ.

ನಮ್ಮ ಮಾವನವರು ವಿಮಾನದ ಮೆಕ್ಯಾನಿಕ್. ಬ್ರಿಟಿಷರು ಅಮೆರಿಕದಿಂದ ಎರವಲು ತಂದಿದ್ದ ಲಿಬರೇಟರ್ ಎಂಬ ಬಾಂಬರ್‌ಗಳನ್ನು, ಯುದ್ಧ ಮುಗಿದ ಮೇಲೆ, ಮತ್ತೆ ಯಾರೂ ಹಾರಿಸಬಾರದೆಂದು ಜಜ್ಜಿ ಕಾನಪುರದಲ್ಲಿ ಬಿಟ್ಟುಹೋದರಂತೆ. ನಮ್ಮ ದೇಶದವರು ಒಂದರ ರೆಕ್ಕೆಗೆ ಇನ್ನೊಂದರ ಎಂಜಿನ್ ಜೋಡಿಸಿ ಅವನ್ನೇ ಹಾರಿಸಿದರು. ವರ್ಷಗಟ್ಟಲೆ ದೇಶಕ್ಕಾಗಿ ದುಡಿಸಿದರು. ಆ ಕೈಗಳಲ್ಲಿ ಎರಡು ನಮ್ಮ ಮನೆಯವು — ಬರೆಯುವಾಗ ಈಗಲೂ ಎದೆ ಉಬ್ಬುತ್ತದೆ. ಕಡೆಗೆ ವಿಮಾನಗಳು ಗುಜರಿಗೆ ಹೋದಾಗ ಒಂದು ತುಂಡು ತಗಡು ಬೇಡಿ ತಂದು, ತಾವೇ ಬಡಿದು ತಾಟು ಮಾಡಿದ್ದರು. ಅಂಚಿಗೆ ರಿವೆಟ್ಟಿನ ತೂತುಗಳ ಸಾಲು.

ಶನಿವಾರ ಹನುಮಪ್ಪನಿಗೆ ಅದರಲ್ಲೇ ನೈವೇದ್ಯ. ನನಗೆ ಅದು ಸರಿಬರುತ್ತಿರಲಿಲ್ಲ.

“ಜರ್ಮನ್ ತಾಟಿನ್ಯಾಗ ದೇವರಿಗೆ ನೈವೇದ್ಯ ಹಿಡೀತಾರೇನ್ರಿ, ಮಾವಾರ?” ಅಂದಿದ್ದೆ. ನಮ್ಮ ಕಡೆ ಅಲ್ಯುಮಿನಿಯಮ್ಮಿಗೆ ಹಾಗೇ ಅನ್ನುವುದು.

“ಇದು ಹಾರಿದ ತಾಟವ್ವಾ, ನೀಲವ್ವಾ. ಹನುಮಪ್ಪ ತನ್ನ ಗೆಳ್ಯಾನ ಗುರ್ತ ಹಿಡೀತಾನ!”

ಮಗಳನ್ನು ಕೊಟ್ಟ ಬೀಗರು ಮೊದಲ ಸಲ ಬರುವವರಿದ್ದರು. ದೇವರ ಜಗುಲಿಯ ಮೇಲೆ ಆ ನೆಗ್ಗಿದ ತಾಟು ಕಾಣಬಾರದು ಅನ್ನಿಸಿತು... ಮಡಿಯ ನೆಪ ಕೈಗೆ ಸಿಕ್ಕಿತು.

“ತಾಟ ಎಲ್ಲೈತಿ?” ಮುಂದಿನ ಶನಿವಾರ ಮಾವನವರು ಕೇಳಿದರು.

“ನನಗೇನ ಗೊತ್ರಿ. ನೀವ ಎಲ್ಲೋ ಇಟ್ಟು ಮರ್ತೀರಿ.”

ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ನೆರೆಮನೆಯ ಗಂಗವ್ವ, “ಅದೂ ಹಾರಿ ಹೋತೇನ್ರಿ, ಯಜಮಾನ್ರ?” ಎಂದಳು. ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ ಟ್ರಂಕು, ಅಟ್ಟ, ಮತ್ತೆ ಟ್ರಂಕು — ಎಂಟು ದಿನ ಹುಡುಕಿದರು. “ನೆನಪು ಕೈಕೊಡಾಕತ್ತೈತಿ ನಂದು” ಎಂದರು. ವಿಮಾನದ ಕಥೆಯನ್ನು ಮತ್ತೆ ಎತ್ತಲಿಲ್ಲ. ಯಾರಾದರೂ ಕೇಳಿದರೆ, “ಇರಲಿ ಬಿಡ್ರಿ, ನನಗ ಸರಿ ನೆನಪಿಲ್ಲ” ಅನ್ನುತ್ತಿದ್ದರು. ಹಾಗೆಯೇ ತೀರಿಹೋದರು.

ಮೊನ್ನೆ ಶನಿವಾರ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಹೋಗಿ ಕೈಮುಗಿದು ಬಂದೆ. ಗಂಗವ್ವ ಇನ್ನೂ ಇದ್ದಾಳೆ, ನನಗಿನ್ನೂ ಬಾಯಿದೆ — ಅವನ ಕೃಪೆ. ತೊಟ್ಟು ಬಿಡಿಸುವವರ ನಡುವೆ ಕೂತು ಮೊದಲು ವಿಮಾನದ ಕಥೆ ಹೇಳಿದೆ, ಆಮೇಲೆ ತಾಟಿನದು. ಗಂಗವ್ವನ ಕೈ ನಿಂತಿತು.

“ಖರೇನ ಹಾರಿಸಿದ್ರೇನವಾ?”

“ಹಾರಿಸಿದ್ದೂ ಖರೇ. ನಾ ಸುಳ್ಳ ಹೇಳಿದ್ದೂ ಖರೇ.”

ಸ್ಟೀಲ್ ಡಬ್ಬಿ ಇವತ್ತಿಗೂ ಹೊಳೆಯುತ್ತದೆ. ಮಾವನವರ ನೆನಪು ಕೊನೆಯವರೆಗೂ ಗಟ್ಟಿಯಾಗಿಯೇ ಇತ್ತು — ಈ ಮಾತನ್ನು ಅವರಿಗೇ ಹೇಳಬೇಕಿತ್ತು.