ಗಾಡಿಗೆ ಹೊಕ್ಕ ಗಾಳಿ

ಭಾನುವಾರ, ಫೆಬ್ರವರಿ ೯, ಬೆಳಿಗ್ಗೆ ೭.೧೦. ಸವದತ್ತಿ ಗುಡ್ಡದ ಏರು. ನಾನು ಓಡಿಸುತ್ತಿದ್ದ ನಮ್ಮ ಕಾರು ಮೊದಲು ಏದುಸಿರು ಬಿಟ್ಟಿತು. ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ ಮುಂದಕ್ಕೆ ಹಾರಿತು. ಮರುಕ್ಷಣ ಅದೇ ಯಾರೋ ಬಾಲ ಹಿಡಿದು ಎಳೆದ ಹಾಗೆ ಮುಗ್ಗರಿಸಿತು. ಹಿಂದೆ ಕೂತಿದ್ದ ಅಜ್ಜಿಯ ತೊಡೆಯ ಮೇಲಿನ ಹೋಳಿಗೆ ಡಬ್ಬಿ ನನ್ನ ಸೀಟಿಗೆ ಬಡಿದು ಬಾಯಿ ಬಿಟ್ಟಿತು.

"ನಿಲ್ಸವಾ! ಇಳಸ ನನ್ನ! ಈ ಗಾಡಿಗೆ ಗಾಳಿ ಹೊಕ್ಕೈತಿ!"

ಅಜ್ಜಿ ಹೇಳಿದ್ದು ಎರಡೂ ಅರ್ಥದಲ್ಲಿ ಸರಿಯಾಗಿತ್ತು. ನಮ್ಮ ಕಡೆ ಗಾಳಿ ಎಂದರೆ ಬೀಸುವುದೂ ಹೌದು, ಹೊತ್ತಲ್ಲದ ಹೊತ್ತಿನಲ್ಲಿ ಹುಣಸೆ ಮರದ ಕೆಳಗೆ ಹೋದವರಿಗೆ ಬಡಿಯುವುದೂ ಹೌದು. ಇನ್ನು ನಮ್ಮ ಕಾರಿನಲ್ಲಿರುವ ಟರ್ಬೊ ಎಂದರೆ ಇಂಜಿನಿನೊಳಗೆ ಗಾಳಿ ತುರುಕುವ ಯಂತ್ರವೇ. ನಾನು ಇದನ್ನು ವಿವರಿಸುವಷ್ಟರಲ್ಲಿ ಅಜ್ಜಿ ಇಳಿದು, ನಮ್ಮೂರು ಬೈಲಹೊಂಗಲಕ್ಕೆ ಮರಳುವ ಬಸ್ಸಿಗೆ ಕೈ ಮಾಡಿಯಾಗಿತ್ತು.

ಅಂದು ಸಂಜೆಯೇ ಅಪ್ಪನ ತೀರ್ಪು ಬಂತು. "ಅವ್ವ ಕುಂಡ್ರದ ಗಾಡಿ ಮನ್ಯಾಗ ಯಾಕ? ಬರೂ ಐತಾರ ರಾಮದುರ್ಗದಾಗ ನಮ್ಮ ಮಂದಿ ಕೂಸಿಗೆ ಹೆಸರಿಡೂ ತೊಟ್ಟಿಲಾ ಐತಿ. ಆಕಿ ಇದರಾಗ ಬಂದ್ರ ಗಾಡಿ ಇರತೈತಿ. ಬಸ್ ಹತ್ತಿದ್ರ, ಮಾರಿಬಿಡೂದ."

ನಾನು ಕಿತ್ತೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಕಾರು ಬರುವ ಮೊದಲಿನ ವರ್ಷವೆಲ್ಲ ಬಸ್ಸಿನಲ್ಲಿ ನಿಂತು ಹೋದ ದಿನ, ಕೂತು ಹೋದ ದಿನ ಎಂದು ಲೆಕ್ಕ ಬರೆದಿಟ್ಟಿದ್ದೇನೆ. ಎರಡನೆಯ ಕಾಲಂ ತುಂಬಾ ಚಿಕ್ಕದು. ಹಾಗಾಗಿ ಕಾರು ಉಳಿಯಲೇಬೇಕಿತ್ತು.

ಈ ಸುದ್ದಿ ಗೋಡೆಯಾಚೆಗೂ ಹೋಯಿತು. ಆಚೆ ಮನೆಯಲ್ಲಿ ಇರುವವಳು ಅಜ್ಜಿಯ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ನಮ್ಮ ಸಣ್ಣಜ್ಜಿ. ಅವಳ ಮೊಮ್ಮಗನೂ ಕಾರು ತಂದಿದ್ದಾನೆ, ಅದೂ ಹೊಚ್ಚ ಹೊಸದು.

"ಯಕ್ಕಾ, ನಮ್ಮ ಗಾಡ್ಯಾಗ ಬರ್ರಿ. ನಮ್ಮದಕ್ಕ ಗಾಳಿ-ಗೀಳಿ ಏನೂ ಇಲ್ಲ, ಬರೇ ಏಸಿ ಐತಿ."

"ನಿನ್ನ ಗಾಡ್ಯಾಗ ಕುಂಡ್ರೂದಕಿಂತ ನಡಕೋಂತ ಹೊಕ್ಕೇನಿ," ಎಂದಳು ಅಜ್ಜಿ. ಆಮೇಲೆ ಗಾಳಿ ಬಿಡಲೆಂದು ನಮ್ಮ ಕಾರಿನ ಮುಂದೆ ಒಂದು ಲಿಂಬೆಹಣ್ಣು ಕಟ್ಟಿಸಿದಳು. ನಾನದನ್ನು ದಿನಚರಿಯಲ್ಲಿ ವಿಧಾನ ಸೊನ್ನೆ ಎಂದು ಬರೆದುಕೊಂಡೆ.

ಸೋಮವಾರ ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಎತ್ತಿದ. "ಇದನ್ಯಾವ ಪುಣ್ಯಾತ್ಮ ಹಾಕ್ಯಾನ್ರಿ?" ಎಂದು ಹೆಬ್ಬೆರಳಿನ ಗಾತ್ರದ ಒಂದು ಹಿತ್ತಾಳೆ ಸ್ಕ್ರೂ ತೋರಿಸಿದ. ಕಾರನ್ನು ನಮಗೆ ಮಾರಿದ ಹಿಂದಿನ ಮಾಲೀಕರ ಕೆಲಸ.

ನಾನು ಅರ್ಥಮಾಡಿಕೊಂಡದ್ದು ಇಷ್ಟು. ಇಂಜಿನಿನ ಹೊಗೆ ಟರ್ಬೊದ ಚಕ್ರ ತಿರುಗಿಸುತ್ತದೆ, ಚಕ್ರ ಗಾಳಿ ತುರುಕುತ್ತದೆ. ಒತ್ತಡ ಸಾಕಷ್ಟಾದಾಗ ಒಂದು ಸಣ್ಣ ಬಾಗಿಲು ತೆರೆದು, ಮಿಕ್ಕ ಹೊಗೆ ಚಕ್ರ ಮುಟ್ಟದೆ ಆಚೆ ಹೋಗುತ್ತದೆ. ಕುಕ್ಕರಿನ ಸೀಟಿಯಂತೆ. ಪ್ರಶ್ನೆ ಇರುವುದು ಸೀಟಿ ಯಾವಾಗ ಹೊಡೆಯಬೇಕು ಎಂದು ಹೇಳುವವರು ಯಾರು ಎಂಬುದರಲ್ಲಿ. ಕಂಪನಿಯವರು ಆ ಕೆಲಸವನ್ನು ಕಂಪ್ಯೂಟರಿನ ಮಾತು ಕೇಳುವ ಕರೆಂಟಿನ ವಾಲ್ವಿಗೆ ಕೊಟ್ಟಿದ್ದರು. ಹಿಂದಿನ ಮಾಲೀಕರು ಅದನ್ನು ಕಿತ್ತು ಈ ಸ್ಕ್ರೂ ಹಾಕಿ, ತಿರುವಿ, ಮತ್ತೂ ತಿರುವಿಬಿಟ್ಟಿದ್ದರು. ಗಾಳಿ ಮಿತಿ ಮೀರಿದ ಕೂಡಲೇ ಕಂಪ್ಯೂಟರು ಹೆದರಿ ಪೆಟ್ರೋಲನ್ನೇ ನಿಲ್ಲಿಸುತ್ತಿತ್ತು. ಒದ್ದದ್ದು ಟರ್ಬೊ, ಬಾಲ ಹಿಡಿದದ್ದು ಕಂಪ್ಯೂಟರು.

ಆರಿಸಿಕೊಳ್ಳಲು ನನಗಿದ್ದದ್ದು ಮೂರು ದಾರಿ. ಸ್ಕ್ರೂ ಸಡಿಲಿಸುವುದು, ಸ್ಕ್ರೂ ತೆಗೆದು ಬಾಗಿಲಿನ ಸ್ವಂತ ಸ್ಪ್ರಿಂಗಿಗೇ ಎಲ್ಲ ಬಿಡುವುದು, ಇಲ್ಲವೇ ಕರೆಂಟಿನ ವಾಲ್ವನ್ನು ಮತ್ತೆ ಕೂರಿಸುವುದು. ಮೂರನೆಯದಕ್ಕೆ ವಾಲ್ವು ಹುಬ್ಬಳ್ಳಿಯಿಂದ ತರಿಸಬೇಕು, ಭಾನುವಾರದೊಳಗೆ ಬರುವುದಿಲ್ಲ. ಮೊದಲೆರಡನ್ನು ಪರೀಕ್ಷೆ ಮಾಡಲು ಮೇಸ್ತ್ರಿ ಒತ್ತಡದ ಗೇಜು ಹಾಕಿಕೊಟ್ಟ. ಗಾಳಿ ಅಳೆಯಲು ಅದು ಸಾಕು, ಅಜ್ಜಿಯನ್ನು ಅಳೆಯಲು ಸಾಲದು. ಹಾಗಾಗಿ ಹಿಂದಿನ ಸೀಟಿನಲ್ಲಿ ಒಂದು ತಂಬಿಗೆ ತುಂಬ ಮಜ್ಜಿಗೆ ಇಟ್ಟು ಬೆಲ್ಟು ಬಿಗಿದೆ. ಪಕ್ಕಕ್ಕೆ ಮೇಸ್ತ್ರಿಯನ್ನು ಕೂರಿಸಿದೆ.

"ಬಾಯಾರ, ಇಷ್ಟ ವರ್ಷ ಗಾಡಿ ರಿಪೇರಿ ಮಾಡೇನಿ. ಮಜ್ಜಿಗಿ ಕಾಯಾಕ ಕುಂತಿದ್ದು ಇವತ್ತ ಮೊದಲು."

ಮಂಗಳವಾರ ಸಂಜೆ, ಅದೇ ಏರು. ಸ್ಕ್ರೂ ಒಂದು ಸುತ್ತು ಸಡಿಲ: ಅರ್ಧ ತಂಬಿಗೆ ಸೀಟಿನ ಮೇಲೆ. ಎರಡು ಸುತ್ತು: ಕಾಲು ತಂಬಿಗೆ ಮೇಸ್ತ್ರಿಯ ಮೇಲೆ. ಬುಧವಾರ ಬೆಳಿಗ್ಗೆ, ತಂಪು ಹೊತ್ತಿನಲ್ಲಿ, ಅದೇ ಎರಡು ಸುತ್ತಿಗೆ ಮತ್ತೆ ಅರ್ಧ ತಂಬಿಗೆ. ತಂಪು ಗಾಳಿ ದಟ್ಟ, ಸ್ಕ್ರೂಗೆ ಹವಾಮಾನ ತಿಳಿಯದು ಎಂದು ಬರೆದುಕೊಂಡೆ. ಗುರುವಾರ ಸ್ಪ್ರಿಂಗ್ ಮಾತ್ರ: ಒಂದು ಹನಿಯೂ ಇಲ್ಲ. ಮೇಸ್ತ್ರಿ ಸಂತೋಷಕ್ಕೆ ಮಜ್ಜಿಗೆಯನ್ನೆಲ್ಲ ಕುಡಿದುಬಿಟ್ಟ. ಹಾಲಿನವನೊಬ್ಬ ಮೊಪೆಡ್ಡಿನಲ್ಲಿ ನಮ್ಮನ್ನು ದಾಟಿ ಹೋದದ್ದನ್ನು ಬರೆದುಕೊಂಡೆ, ಆದರೆ ಅದಕ್ಕೆ ಮಹತ್ವ ಕೊಡಲಿಲ್ಲ. ಸ್ಪ್ರಿಂಗನ್ನೇ ಆರಿಸಿದೆ.

ಭಾನುವಾರ ಅಜ್ಜಿಗೆ ತುಂಬಿದ ತಂಬಿಗೆ ತೋರಿಸಿ, ಅದನ್ನು ಕಾರಿನಲ್ಲಿಟ್ಟು ಮನೆಯ ಸುತ್ತ ಒಂದು ಸುತ್ತು ಹೊಡೆದು, ತುಂಬಿದ್ದ ಹಾಗೆಯೇ ತಂದು ಕೈಗಿಟ್ಟೆ. ಅವಳು ತಂಬಿಗೆಯೊಳಗೆ ಇಣುಕಿ ನೋಡಿ, "ಗಾಳಿ ಬಿಟ್ಟಂಗ ಕಾಣತೈತಿ," ಎಂದು ಹತ್ತಿದಳು. ಅಪ್ಪ ಮುಂದೆ ಕೂತ. ಸವದತ್ತಿ ದಾಟುವವರೆಗೂ ಅಜ್ಜಿಯ ಮುಷ್ಟಿ ಬಿಗಿಯಾಗಿಯೇ ಇತ್ತು. ಆಮೇಲೆ ಕಣ್ಣು ಮುಚ್ಚಿ ತೂಕಡಿಸಿದಳು. ನನಗೆ ಗೆದ್ದ ಹಾಗೆನಿಸಿತು.

ಹೂಲಿ ಕ್ರಾಸ್ ದಾಟಿ ಒಂದು ಏರಿನಲ್ಲಿ, ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಮುಂದಿತ್ತು. ನಾನು ಕಾಲು ಪೂರ್ತಿ ಒತ್ತಿದೆ. ಕಾರು ಪೂರ್ತಿ ಯೋಚಿಸಿತು. ಅಷ್ಟರಲ್ಲಿ ಹಿಂದಿನಿಂದ ಹಾರ್ನು ಹೊಡೆಯುತ್ತ ಬಿಳಿ ಕಾರೊಂದು ನಮ್ಮ ಪಕ್ಕಕ್ಕೆ ಬಂತು. ಕಿಟಕಿ ಇಳಿಯಿತು, ಅದರಿಂದ ಬಳೆ ತುಂಬಿದ ಕೈ ಹೊರಬಂತು.

"ಬರ್ರಿ ಯಕ್ಕಾ, ಸಾವಕಾಶ ಬರ್ರಿ! ತೊಟ್ಟಿಲಾ ನಾವು ತೂಗಿರತೇವಿ!"

ಸಣ್ಣಜ್ಜಿಯ ಕಾರು ಟ್ರ್ಯಾಕ್ಟರನ್ನೂ ದಾಟಿ ಮಾಯವಾಯಿತು. ಅಜ್ಜಿಯ ನಿದ್ದೆ ಪೂರ್ತಿ ಹಾರಿತ್ತು.

"ಯಾಕ ನಿಂತೈತಿ ಇದು?"

"ನಿಂತಿಲ್ಲಬೇ, ಹೊಂಟೈತಿ."

"ಇದಕ್ಕ ಹೊಂಟೈತಿ ಅಂತಾರ? ಅವತ್ತಿನ ಗಾಳಿ ಎಲ್ಲಿ ಹೋತು?"

"ನೀನ ಬ್ಯಾಡ ಅಂದಿದ್ದಿ. ಬಿಡಿಸೇನಿ."

"ಎಲ್ಲಾ ಬಿಡಸು ಅಂದಿದ್ನೇನ? ಅರ್ಧಾರ ಇಟ್ಕೋಬೇಕಿಲ್ಲ, ಹುಚ್ಚಿ!"

ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನ ಭುಜ ಕುಣಿಯುತ್ತಿತ್ತು. ಸಿರಸಂಗಿ ಬರುವವರೆಗೂ ಕಬ್ಬಿನ ಹಿಂದೆಯೇ ಹೋದೆವು.

ನಾವು ರಾಮದುರ್ಗ ಮುಟ್ಟುವಾಗ ಕೂಸು ಸಣ್ಣಜ್ಜಿಯ ತೊಡೆಯ ಮೇಲಿತ್ತು, ಅಲ್ಲಿಂದ ಇಳಿಯುವ ಲಕ್ಷಣವೂ ಇರಲಿಲ್ಲ. ಊಟದ ಪಂಕ್ತಿಯಲ್ಲಿ ಅಜ್ಜಿ ಅಪ್ಪನನ್ನು ಕರೆದು, ನಾಲ್ಕು ಮನೆಯವರಿಗೆ ಕೇಳುವ ಹಾಗೆ ಹೇಳಿದಳು: "ಗಾಡಿ ಮಾರೂದು ಬ್ಯಾಡ. ಗಾಳಿ ಹಿಡಸ್ರಿ."

ಹೀಗೆ ಕಾರು ಉಳಿಯಿತು. ಸ್ಕ್ರೂ ಸದ್ಯ ಅಡುಗೆಮನೆಯ ಗೂಡಿನಲ್ಲಿ ಲಿಂಬೆಹಣ್ಣಿನ ಪಕ್ಕ ಇದೆ. ಈಗ ನನಗೆ ಬೇಕಾಗಿರುವುದು ಎರಡು ಮಟ್ಟದ ಗಾಳಿ: ದಿನನಿತ್ಯಕ್ಕೆ ಮಜ್ಜಿಗೆ ಚೆಲ್ಲದಷ್ಟು, ಸಣ್ಣಜ್ಜಿ ಕನ್ನಡಿಯಲ್ಲಿ ಕಂಡಾಗ ಇನ್ನೊಂದಿಷ್ಟು. ಕಂಪನಿಯ ಕರೆಂಟು ವಾಲ್ವಿನಲ್ಲೇ ಇದನ್ನು ಹೊಂದಿಸಬಹುದೇ, ಅಥವಾ ಗುಂಡಿ ಒತ್ತಿ ಬದಲಿಸುವ ಬೇರೆ ಪೆಟ್ಟಿಗೆ ಬೇಕೇ, ತಂಪು ಮುಂಜಾನೆಯಲ್ಲೂ ಕಂಪ್ಯೂಟರು ಹೆದರದಿರಲು ಮಿತಿ ಎಲ್ಲಿಗೆ ಇಡಬೇಕು? ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಮುಂದಿನ ತಿಂಗಳು ಆ ಕೂಸಿಗೆ ಕಿವಿ ಚುಚ್ಚುತ್ತಾರೆ, ಮತ್ತೆ ರಾಮದುರ್ಗಕ್ಕೇ ಹೋಗಬೇಕು.