ಕೊನೆಯ ಸಾಲಿನ ಚಂದ್ರಾಮ

ಬೆಳಗಿನ ಐದೂವರೆ. ಬೈಕುಲ್ಲಾ ಸೇತುವೆಯ ಬುಡದಲ್ಲಿ ಹನ್ನೆರಡು ಮೂಟೆ ಈರುಳ್ಳಿ ಹೇರಿಕೊಂಡ ಹಾತಗಾಡಿಯೊಂದು ನಿಂತಿದೆ. ಹಿಂದೆ ಸಿಕ್ಕಿಕೊಂಡ ಟ್ಯಾಕ್ಸಿಯವನು ಹಾರನ್ನಿನಿಂದ ಕೈ ತೆಗೆಯುತ್ತಿಲ್ಲ. ಗಾಡಿಯ ಮೂಕಿ ಹಿಡಿದು ಮುಂದೆ ನಿಂತಿರುವ ಚಂದ್ರಾಮ ಹಾರನ್ನಿಗೆಲ್ಲ ಸೊಪ್ಪು ಹಾಕುವ ಆಸಾಮಿಯಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಗೇಣುದ್ದದ ಕೋಲು ತೆಗೆದು ಮೂಕಿಯ ಮರಕ್ಕೆ ನಾಲ್ಕು ಏಟು ಹಾಕುತ್ತಾನೆ. ಟಕ್, ಟಕ್, ಟಕ್, ಟಕ್. ಐದನೆಯ ಏಟು ಬೀಳಬೇಕಾದ ಕ್ಷಣಕ್ಕೆ ಸರಿಯಾಗಿ, ಹಿಂದೆ ಮಂಡಿ ಬಗ್ಗಿಸಿ ಮೂಟೆಗೆ ಹೆಗಲು ಕೊಟ್ಟಿದ್ದ ಮರೆಪ್ಪ ಮತ್ತು ಸಾಯಬಣ್ಣ ಒಟ್ಟಿಗೆ ಎದ್ದು ನೂಕುತ್ತಾರೆ, ಮುಂದೆ ಚಂದ್ರಾಮ ಎದ್ದು ಎಳೆಯುತ್ತಾನೆ. ಎಂಟುನೂರು ಕಿಲೋ ಮೀರಿದ ಭಾರ ತಕರಾರಿಲ್ಲದೆ ಏರು ಹತ್ತುತ್ತದೆ.

ಮುಂಬಯಿಯ ಹಾತಗಾಡಿಯವರು ಏರು ಕಂಡರೆ ‘ಐಸಾ’ ಎಂದು ಕೂಗುತ್ತಾರೆ. ಈ ಒಂದು ಗಾಡಿ ಮಾತ್ರ ಬಾಯಿ ಬಿಡುವುದಿಲ್ಲ, ಎಣಿಸುತ್ತದೆ. ಇದನ್ನು ಎಲ್ಲಿ ಕಲಿತೆ ಎಂದು ಪತ್ರಿಕೆಯವರು ಕೇಳಿದರೆ ಚಂದ್ರಾಮ ಬೆವರು ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಗುರುಮನೆಯ ಹೆಸರು ಹೇಳುವ ಗತ್ತಿನಲ್ಲಿ ಹೇಳುತ್ತಾನೆ: “ಸ್ಲೋ ಲೋಕಲ್ಸ್ ಕಡಿಂದ್ರಿ.”

ಹತ್ತು ವರ್ಷದ ಹಿಂದೆ ಈ ಊರಿನ ಗಲ್ಲಿಗಲ್ಲಿಯಲ್ಲೂ ಹುಡುಗರು ಕೂದಲು ಇಳಿಬಿಟ್ಟು, ಕರೆಂಟಿನ ಗಿಟಾರು ಹಿಡಿದು ತಂಡ ಕಟ್ಟಿಕೊಂಡಿದ್ದರು. ಬೈಕುಲ್ಲಾದ ಪಾಲಿಗೆ ಬಂದದ್ದು ‘ದಿ ಸ್ಲೋ ಲೋಕಲ್ಸ್’. ನಾಲ್ಕು ಜನರ ತಂಡ. ಡ್ರಮ್ಮು ಬಾರಿಸುವವನು ಸೀನ, ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲು ಇಟ್ಟವರ ಮಗ. ಹೋಟೆಲಿನ ಹಿಂದಿನ ಅಕ್ಕಿ ಗೋದಾಮಿನಲ್ಲಿ ಅವರ ಪ್ರಾಕ್ಟೀಸು. ಮೂಟೆಗಳ ನಡುವೆ ಬಾರಿಸಿದರೆ ಸದ್ದು ಬೀದಿಗೆ ಹೋಗುವುದಿಲ್ಲ, ಪೊಲೀಸರು ಬರುವುದಿಲ್ಲ ಎಂಬ ಲೆಕ್ಕಾಚಾರ. ಗಿರಾಕಿಗಳ ಸಾರಿನ ಬಟ್ಟಲು ನಡುಗುತ್ತಿದ್ದುದು ಬೇರೆ ವಿಷಯ.

ಚಂದ್ರಾಮ ಯಾದಗಿರಿ ಕಡೆಯವನು. ಹದಿನಾಲ್ಕನೆಯ ವಯಸ್ಸಿಗೆ, ಸಾವಿರದ ಒಂಬೈನೂರ ಅರವತ್ತಮೂರರಲ್ಲಿ, ಸೋದರಮಾವ ಧರ್ಮಣ್ಣನ ಬೆನ್ನು ಹತ್ತಿ ಬಂದ. ಧರ್ಮಣ್ಣನದು ಮೂರು ಜನರ ಗಾಡಿ. ಮಾರ್ಕೆಟ್ಟಿನಿಂದ ಹೋಟೆಲುಗಳಿಗೆ ತರಕಾರಿ ಸಾಗಿಸುವ ಕೆಲಸ. ಹದಿನೇಳನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಸೀನನ ಹೋಟೆಲಿಗೆ ಕುಂಬಳಕಾಯಿ ಇಳಿಸಲು ಹೋದವನು ಗೋದಾಮಿನ ಬಾಗಿಲಲ್ಲೇ ನಿಂತುಬಿಟ್ಟ. ತಲೆಯ ಮೇಲೆ ಬುಟ್ಟಿ ಇದೆ ಎಂಬುದೂ ಮರೆತುಹೋಗಿತ್ತು. “ಅದು ಇಂಗ್ಲಿಷ್ ಹಾಡು. ಒಂದು ಅಕ್ಷರ ತಿಳೀಲಿಲ್ಲ. ಆದ್ರ ಯಾರೋ ನನ್ನ ಹೆಸರು ಹಿಡಿದು ಕರದಂಗಾತು,” ಎನ್ನುತ್ತಾನೆ. ಮಾವ ಬಂದು ಕಿವಿ ಹಿಂಡುವ ತನಕ ಹಾಗೇ ನಿಂತಿದ್ದ. ಆ ಕಿವಿನೋವನ್ನೂ ಈಗ ಸಂತೋಷದಿಂದಲೇ ನೆನೆಯುತ್ತಾನೆ.

ಅಲ್ಲಿಂದ ತಂಡ ಎಲ್ಲಿ ಬಾರಿಸಿದರೂ ಡ್ರಮ್ಮು, ಆಂಪ್ಲಿಫೈಯರು ಹೊತ್ತೊಯ್ಯುವ ಗಾಡಿ ಇವರದೇ ಆಯಿತು. ಸೀನನಿಗೂ ಹದಿನೆಂಟೇ. ಇವನ ಯಾದಗಿರಿ ಮಾತಿಗೆ ಅವನು ನಗುವುದು, ಅವನ ‘ಎಂತ ಮಾರಾಯ’ಕ್ಕೆ ಇವನು ನಗುವುದು. ಮಿಕ್ಕ ಮೂವರಿಗೆ ಇವರಿಬ್ಬರ ಕನ್ನಡ ಅರ್ಥವಾಗದೆ ಅವರೂ ನಗುವುದು. ಹೀಗೇ ಸ್ನೇಹ ಬೆಳೆಯಿತು.

ಒಂದು ಸಂಜೆ ಇದೇ ಸೇತುವೆಯ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು. ಬಸ್ಸಿನ ಗದ್ದಲದಲ್ಲಿ ‘ಐಸಾ’ ಒಬ್ಬನಿಗೆ ಕೇಳಿತ್ತು, ಇನ್ನೊಬ್ಬನಿಗೆ ಕೇಳಿರಲಿಲ್ಲ. ಧರ್ಮಣ್ಣನ ಎಡಗಾಲಿನ ಎರಡು ಬೆರಳು ಚಕ್ರಕ್ಕೆ ಸಿಕ್ಕಿ ಹೋದವು. ಜೊತೆಗೆ ನಡೆದುಬರುತ್ತಿದ್ದ ಸೀನ ಅದನ್ನು ಕಣ್ಣಾರೆ ಕಂಡ. ಎರಡು ದಿನ ಯೋಚಿಸಿ ಬಂದು, ನಿಮ್ಮ ಕೂಗು ನೂಕುವಾಗಲೇ ಬರುತ್ತದೆ, ಅದು ತಡವಾಯಿತು, ನೂಕುವ ಮೊದಲೇ ಎಣಿಸಬೇಕು ಎಂದ. ಹಾಡು ಶುರುವಾಗುವ ಮುನ್ನ ತಾನು ಕೋಲಿಗೆ ಕೋಲು ಬಡಿದು ನಾಲ್ಕು ಎಣಿಸುವುದನ್ನು ತೋರಿಸಿದ. ಗೋದಾಮಿನಲ್ಲಿ ಅಕ್ಕಿ ಹೇರಿದ ಗಾಡಿಯನ್ನೇ ಇಟ್ಟುಕೊಂಡು ಒಂದು ವಾರ ಅಭ್ಯಾಸ ನಡೆಯಿತು. ಹನ್ನೊಂದು ವರ್ಷವಾಯಿತು, ಗಾಡಿ ಒಮ್ಮೆಯೂ ಹಿಂದೆ ಜಾರಿಲ್ಲ. “ನನ್ನ ಹತ್ತೂ ಬೆರಳು ಅದಾವಲ್ರಿ, ಅವು ಸೀನಣ್ಣನವು,” ಎಂದು ಚಂದ್ರಾಮ ಕಾಲು ಚಾಚಿ ತೋರಿಸುತ್ತಾನೆ.

ಧರ್ಮಣ್ಣ ಊರು ಸೇರಿ ಮೂರು ವರ್ಷವಾಗಿದೆ. ಈಗ ಗಾಡಿಯ ಯಜಮಾನಿಕೆ ಚಂದ್ರಾಮನದು. ಬೆಳಗ್ಗೆ ನಾಲ್ಕಕ್ಕೆ ಮಾರ್ಕೆಟ್ಟು, ಮಧ್ಯಾಹ್ನದೊಳಗೆ ಐದು ಟ್ರಿಪ್ಪು, ಸೇತುವೆ ಹತ್ತುವುದು ದಿನಕ್ಕೆ ಕಡಿಮೆಯೆಂದರೆ ಮೂರು ಸಲ. ಡಾಂಬರು ಕಾಯುವ ದಿನಗಳಲ್ಲೂ ಬರಿಗಾಲೇ. ಚಪ್ಪಲಿ ಹಾಕಿದರೆ ಏರಿನಲ್ಲಿ ಹಿಡಿತ ಸಿಗುವುದಿಲ್ಲ. ಆಂಟಾಪ್ ಹಿಲ್‌ನ ಮನೆಯಲ್ಲಿ ಹೆಂಡತಿ ಹಾಲವ್ವ, ಒಂದು ಮಗಳು. ತಂಡ ಎಪ್ಪತ್ತರಲ್ಲೇ ಚದುರಿಹೋಯಿತು. ಹಾಡುವವನು ಕೆನಡಾಕ್ಕೆ ಹೋದ, ಗಿಟಾರಿನವರಿಬ್ಬರಲ್ಲಿ ಒಬ್ಬ ಬ್ಯಾಂಕಿಗೆ, ಇನ್ನೊಬ್ಬ ವಿಲೆ ಪಾರ್ಲೆಯಲ್ಲಿ ಔಷಧಿ ಅಂಗಡಿಗೆ, ಸೀನ ಅಪ್ಪನ ಗಲ್ಲಾಪೆಟ್ಟಿಗೆಗೆ. ಅವರ ಹಾಡು ಯಾವ ರೆಕಾರ್ಡಿನಲ್ಲೂ ಇಲ್ಲ. ಇಪ್ಪತ್ತೆಂಟೇ ವಯಸ್ಸಿನ ಚಂದ್ರಾಮ ಮಾತ್ರ ‘ನಮ್ಮ ಟೈಮಿನ್ಯಾಗ’ ಎಂದು ಅಜ್ಜನ ದನಿಯಲ್ಲಿ ಶುರುಮಾಡುತ್ತಾನೆ. ರೊಟ್ಟಿ ಬಡಿಯುವಾಗಲೂ ಪಕ್ಕದಲ್ಲಿ ಕುಳಿತು ತಾಳ ತಪ್ಪಿತು ಎಂದು ಹೇಳುತ್ತಾನಂತೆ. ಇದು ಹಾಲವ್ವನ ದೂರು.

ಇಷ್ಟಾದರೂ ಈ ಅಭಿಮಾನಿ ತನ್ನ ತಂಡವನ್ನು ಎದುರಿಗೆ ಕುಳಿತು ಒಮ್ಮೆಯೂ ಕೇಳಿರಲಿಲ್ಲ. ಕಾವಲಿಲ್ಲದ ಗಾಡಿಯನ್ನು ಮುನಿಸಿಪಾಲಿಟಿಯವರು ಎತ್ತಿಕೊಂಡು ಹೋಗುತ್ತಾರೆ. ಹಾಗಾಗಿ ಪ್ರತಿ ಪ್ರೋಗ್ರಾಮಿನಲ್ಲೂ ಹಿಂದಿನ ಬಾಗಿಲಲ್ಲಿ ಗಾಡಿಯ ಪಕ್ಕ ನಿಂತು, ಗೋಡೆ ದಾಟಿ ಬಂದಷ್ಟನ್ನು ಕೇಳಿದ್ದಾನೆ.

ಅರವತ್ತೊಂಬತ್ತರಲ್ಲಿ ದೊಡ್ಡ ಹಾಲ್ ಒಂದರಲ್ಲಿ ಸ್ಪರ್ಧೆ ಇತ್ತು. ಸೀನ ಒಂದು ಟಿಕೆಟ್ಟು ಕೈಗಿಟ್ಟು, ಇವತ್ತು ಒಳಗೆ ಬಾ, ಕೊನೆಯ ಸಾಲಿನಲ್ಲಿ ಕೂತು ಕೇಳು ಎಂದಿದ್ದ. ಗಾಡಿಗೆ ಮರೆಪ್ಪನನ್ನು ನಿಲ್ಲಿಸಿ, ಸಾಯಬಣ್ಣನ ಪ್ಯಾಂಟು ತೊಟ್ಟು, ಇಸ್ತ್ರಿ ಅಂಗಿ ಹಾಕಿ, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಚಂದ್ರಾಮ ಮುಂದಿನ ಬಾಗಿಲಿಗೆ ಹೋದ. ಬಾಗಿಲು ಕಾಯುವವನು ಟಿಕೆಟ್ಟು ನೋಡಲೇ ಇಲ್ಲ, ಕೆಳಗೆ ನೋಡಿದ. “ಅಂಗಿ ನೆನಪಾತು, ಪ್ಯಾಂಟು ನೆನಪಾತು, ಕಾಲು ಮರ್ತಿದ್ದೆ,” ಎನ್ನುತ್ತಾನೆ ಚಂದ್ರಾಮ. ಬರಿಗಾಲಿಗೆ ಪ್ರವೇಶವಿರಲಿಲ್ಲ. ವಾಪಸು ಹಿಂದಿನ ಬಾಗಿಲಿಗೇ ಬಂದು ಮರೆಪ್ಪನ ಪಕ್ಕ ನಿಂತ.

ಸ್ಲೋ ಲೋಕಲ್ಸ್ ಒಂಬತ್ತು ತಂಡಗಳಲ್ಲಿ ಒಂಬತ್ತನೆಯದಾಯಿತು. ಗಿಟಾರುಗಳಿಗೆ ಮೈಕು ಇತ್ತು, ಡ್ರಮ್ಮಿಗೆ ಇರಲಿಲ್ಲ. ಸೀನ ಹೊರಗೆ ಬಂದು ಗಾಡಿಯ ಮೇಲೆ ಕುಸಿದು ಕುಳಿತ. ತನ್ನ ಡ್ರಮ್ಮು ಯಾರಿಗೂ ಕೇಳಲಿಲ್ಲ, ಇನ್ನು ಬಾರಿಸುವುದಿಲ್ಲ ಎಂದು ಎರಡೂ ಕೋಲನ್ನು ಗಟಾರಕ್ಕೆ ಎಸೆದ. ಅದನ್ನು ನೋಡಲಾರದೆ ಚಂದ್ರಾಮನ ಬಾಯಿಂದ ಒಂದು ಸುಳ್ಳು ಹೊರಬಿತ್ತು: “ನಾ ಕೊನೇ ಸಾಲಿನ್ಯಾಗ ಕುಂತಿದ್ದೆ, ಸೀನಣ್ಣ. ಎಲ್ಲಾ ಖಡಕ್ ಕೇಳಸ್ತು.”

ಸೀನ ಗಟಾರಕ್ಕೆ ಕೈ ಹಾಕಿ ಕೋಲು ತೆಗೆದುಕೊಂಡ. ಆ ಮಾತಿನ ಬಲದ ಮೇಲೆ ಇನ್ನೊಂದು ವರ್ಷ ಬಾರಿಸಿದ. ತಂಡ ಮುರಿದ ಮೇಲೂ ಹೋಟೆಲಿಗೆ ಬಂದ ಹಳೆಯ ಪರಿಚಯದವರಿಗೆಲ್ಲ, ಅವತ್ತು ಕೊನೆಯ ಸಾಲಿನಲ್ಲಿ ಒಬ್ಬ ನನ್ನನ್ನು ಪೂರ್ತಿ ಕೇಳಿದ ಎಂದು ಹೇಳುವುದು ಅವನಿಗೆ ರೂಢಿ. ಚಂದ್ರಾಮ ಎದುರಿಗಿದ್ದರೆ ಬೆರಳು ಮಾಡಿ ತೋರಿಸುತ್ತಾನೆ. ಚಂದ್ರಾಮ ಆಗ ಚಹಾದ ಗ್ಲಾಸಿನೊಳಗೆ ಮುಖ ಹುದುಗಿಸುತ್ತಾನೆ. ಎಂಟು ವರ್ಷ ಹೀಗೆ ಕಳೆದವು.

ಈ ಡಿಸೆಂಬರಿನಲ್ಲಿ ಕೆನಡಾದವನು ಕ್ರಿಸ್‌ಮಸ್ಸಿಗೆಂದು ಊರಿಗೆ ಬಂದಿದ್ದಾನೆ. ಬೈಕುಲ್ಲಾದ ಒಂದು ಶಾಲೆಯ ಹಾಲ್‌ನಲ್ಲಿ ಭಾನುವಾರ ಬೆಳಗ್ಗೆ ಹತ್ತಕ್ಕೆ ತಂಡ ಕೊನೆಯ ಸಲ ಬಾರಿಸುವುದೆಂದು ನಿಶ್ಚಯವಾಗಿದೆ. ಶನಿವಾರ ಸೀನ ಚಂದ್ರಾಮನನ್ನು ಕರೆಸಿ ತನ್ನ ಯೋಜನೆ ಹೇಳಿದ. ಸಾಮಾನಿಗೆ ಟೆಂಪೋ ಇದೆ, ನೀವು ಮೂವರೂ ಬರಿಗೈಲಿ ಬನ್ನಿ. ನಾನು ವೇದಿಕೆಯಿಂದ ನಿನ್ನ ಹೆಸರು ಕರೆಯುತ್ತೇನೆ, ಅರವತ್ತೊಂಬತ್ತರಲ್ಲಿ ನನ್ನ ಡ್ರಮ್ಮು ಕೇಳಿದ ಮನುಷ್ಯ ಇವನೇ ಎಂದು ಎಲ್ಲರೆದುರು ಹೇಳುತ್ತೇನೆ, ನೀನು ಎದ್ದು ನಿಲ್ಲಬೇಕು.

ಚಂದ್ರಾಮ ಅಲ್ಲಿಂದ ಎದ್ದು ಬಂದು ಲೆಕ್ಕ ಹಾಕಿದ. ಹೇಳಿದರೆ ಸೀನನ ಎಂಟು ವರ್ಷದ ಸಮಾಧಾನ ಹೋಗುತ್ತದೆ. ಹೇಳದಿದ್ದರೆ ತುಂಬಿದ ಸಭೆಯಲ್ಲಿ ಎದ್ದು ನಿಂತು ಸುಳ್ಳಿಗೆ ಚಪ್ಪಾಳೆ ತೆಗೆದುಕೊಳ್ಳಬೇಕು, ಅದೂ ತನ್ನ ಬೆರಳು ಉಳಿಸಿದವನ ಕೈಯಿಂದ. ಹೋಟೆಲಿನಲ್ಲಿ ಗಿರಾಕಿ ಕಡಿಮೆಯಾಗುವ ಹೊತ್ತಿಗೆ ಮತ್ತೆ ಹೋಗಿ ಗಲ್ಲಾದ ಮುಂದೆ ನಿಂತ. “ನಾ ಅವತ್ತ ಒಳಗ ಬಂದೇ ಇಲ್ಲ, ಸೀನಣ್ಣ. ಕಾಲು ನೋಡಿ ಬಿಡ್ಲಿಲ್ಲ. ನಿಮ್ಮ ಮಾರಿ ನೋಡಲಾರ್ದ ಹಂಗ ಅಂದೆ.”

ಸೀನ ಗಲ್ಲಾಪೆಟ್ಟಿಗೆ ಮುಚ್ಚಿದ. ಚಿಲ್ಲರೆ ಕೇಳಿ ನಿಂತ ಗಿರಾಕಿಯನ್ನೂ ಮರೆತು ಎದ್ದು ಅಡುಗೆಮನೆಗೆ ಹೋದ, ಹೊರಗೆ ಬರಲಿಲ್ಲ. ಮರೆಪ್ಪ, ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದವನಿಗೆ ಇನ್ನೊಂದು ದಿನ ಏನು ಧಾಡಿಯಾಗಿತ್ತು ಎಂದು ದಾರಿಯುದ್ದಕ್ಕೂ ಬೈದ. ಹಾಲವ್ವ ಮಾತ್ರ, ಆಗಿದ್ದು ಆಗಿಹೋಯಿತು, ನಾಳೆ ಚಪ್ಪಲಿ ಮೆಟ್ಟಿಕೊಂಡು ಹೋಗು ಎಂದಳು.

ಭಾನುವಾರ ಮೂವರೂ ಚಪ್ಪಲಿ ಮೆಟ್ಟಿಯೇ ಬರುತ್ತಾರೆ. ಹಾಲ್‌ನ ಬಾಗಿಲಲ್ಲಿ ಟಿಕೆಟ್ಟು ನೋಡುತ್ತ ನಿಂತಿರುವವನು ಸ್ವತಃ ಸೀನ. ರಾತ್ರಿ ನಿದ್ದೆಯಿಲ್ಲದ ಮುಖ. ಮುಂದಿನ ಸಾಲಿನ ಮೂರು ಕುರ್ಚಿ ತೋರಿಸಿ, ಅವು ನಿಮಗೆ ಎಂದಷ್ಟೇ ಹೇಳುತ್ತಾನೆ. ಚಂದ್ರಾಮ ಕೈಮುಗಿದು, ನಾವು ಹಿಂದ ಕುಂಡ್ರತೀವಿ ಎಂದು ಕೊನೆಯ ಸಾಲಿಗೆ ಹೋಗುತ್ತಾನೆ.

ಹಾಲ್ ತುಂಬಿದೆ. ಅಂದು ಕೂದಲು ಇಳಿಬಿಟ್ಟವರಿಗೆ ಇಂದು ಅಲ್ಲಲ್ಲಿ ಬೋಳು ಇಣುಕಿದೆ, ತೊಡೆಯ ಮೇಲೆ ಮಕ್ಕಳಿದ್ದಾರೆ. ಇಲ್ಲೂ ಡ್ರಮ್ಮಿಗೆ ಮೈಕಿಲ್ಲ. ಸೀನ ವೇದಿಕೆಯಿಂದ ಯಾರ ಹೆಸರನ್ನೂ ಕರೆಯುವುದಿಲ್ಲ. ತಲೆ ತಗ್ಗಿಸಿ ಡ್ರಮ್ಮಿನ ಹಿಂದೆ ಕೂರುತ್ತಾನೆ, ಎರಡೂ ಕೋಲು ಎತ್ತಿ ಒಂದಕ್ಕೊಂದು ಬಡಿಯುತ್ತಾನೆ. ನಾಲ್ಕು ಏಟು.

ಕೊನೆಯ ಸಾಲಿನಲ್ಲಿ ಮೂವರು ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಚಂದ್ರಾಮನ ಎರಡೂ ಕೈ ಇಲ್ಲದ ಮೂಕಿ ಹಿಡಿದಿವೆ. ನೂಕಲು ಬಗ್ಗಿದ ಸಾಯಬಣ್ಣನ ಹೆಗಲು ಮುಂದಿನ ಕುರ್ಚಿಗೆ ತಾಗಿ, ಅದರಲ್ಲಿ ಕುಳಿತ ಹೆಂಗಸು ಮುಂದಕ್ಕೆ ವಾಲುತ್ತಾಳೆ. ಮೂವರಿಗೂ ನಾಚಿಕೆ, ಆದರೆ ಕೂರಲು ಮರೆತಿದ್ದಾರೆ. ಅವರ ಹಿಂದೆ ಗೋಡೆ ಮಾತ್ರ, ಬೈಯುವವರಿಲ್ಲ. ನೂರಾರು ತಲೆಗಳ ಆಚೆಯಿಂದ ಸೀನ ಅವರನ್ನು ನೋಡುತ್ತಾನೆ. ಏಟು ಅಲ್ಲಿಗೂ ಮುಟ್ಟಿದೆ ಎಂದು ಅವನಿಗೆ ಅರ್ಥವಾಗಿದೆ. ಬಾರಿಸುತ್ತಲೇ ನಗುತ್ತಾನೆ, ಕಣ್ಣು ಒರೆಸಿಕೊಳ್ಳಲು ಕೈಗೆ ಬಿಡುವಿಲ್ಲ. ಚಂದ್ರಾಮನ ಕೈ ಬಿಡುವಾಗಿದೆ, ಅವನು ಒರೆಸಿಕೊಳ್ಳುತ್ತಾನೆ.

ಮುಗಿದ ಮೇಲೆ ಸೀನ ಜನರನ್ನು ಸರಿಸಿಕೊಂಡು ಮೆಟ್ಟಿಲ ಬಳಿ ಬರುತ್ತಾನೆ. ಹೇಗಿತ್ತು ಎಂದು ಕೇಳುತ್ತಾನೆ. ಈ ಸಲ ಚಂದ್ರಾಮ ಯೋಚಿಸಿ ಉತ್ತರ ಕೊಡುತ್ತಾನೆ: “ಎಲ್ಲಾ ಚಲೋ ಇತ್ತು. ಮೂರನೇ ಹಾಡಿನ್ಯಾಗ ನೀವು ತಾಳ ಬಿಟ್ಟು ಸ್ವಲ್ಪ ಮುಂದ ಓಡಿದ್ರಿ.”

“ಅವತ್ತೂ ಓಡಿದ್ದೆ ಮಾರಾಯ,” ಎನ್ನುತ್ತಾನೆ ಸೀನ. “ಸೋತದ್ದು ಅದಕ್ಕೇ. ನಂಗೆ ಗೊತ್ತಿತ್ತು. ಆದ್ರೂ ನೀನು ಹಾಗೆ ಹೇಳಿದ್ದಕ್ಕೆ ನಾನು ಕೋಲು ವಾಪಸ್ ಹಿಡಿದೆ, ಅದು ಸುಳ್ಳಲ್ವಲ್ಲ.” ಅಷ್ಟು ಹೇಳಿ ಗೆಳೆಯನ ಹೆಗಲ ಮೇಲೆ ಕೈ ಹಾಕುತ್ತಾನೆ.

ಪತ್ರಿಕೆಯಲ್ಲಿ ನಿನ್ನ ಬಗ್ಗೆ ಏನು ಬರೆಯಬೇಕು ಎಂದು ಕೇಳಿದಾಗ ಚಂದ್ರಾಮ ಮುಜುಗರಪಡುತ್ತಾನೆ. ನನ್ನ ಬಗ್ಗೆ ಬರೆಯುವುದಕ್ಕೆ ಏನಿದೆ, ಎಲ್ಲರಂತೆ ಗಾಡಿ ಎಳೆಯುವವನು ಎನ್ನುತ್ತಾನೆ. ನಾಲ್ಕು ಮೆಟ್ಟಿಲು ಇಳಿದವನು ನಿಂತು, ತಿರುಗಿ, ಬರೆದುಕೊಳ್ಳುವವರಿಗೆ ಅನುಕೂಲವಾಗಲೆಂದು ನಿಧಾನವಾಗಿ ಹೇಳುತ್ತಾನೆ.

“ಸ್ಲೋ ಲೋಕಲ್ಸ್ ಡ್ರಮ್ಮು ಕೊನೇ ಸಾಲಿಗೂ ಕೇಳಸ್ತದ ಅಂತ ಬರೀರಿ. ನಾ ಕುಂತು ಕೇಳೀನಿ.”