ಸಸಿಗಳನ್ನು ಬಾಯಾರಿಸುವ ಮೇಷ್ಟ್ರು

ಸಂಶೋಧನಾಲಯದ ಗಾಜಿನ ಮನೆಗೆ ಈ ಮೇಷ್ಟ್ರು ಕಾಲಿಟ್ಟರೆ ಪ್ಲಾಸ್ಟಿಕ್ ಹೂವೂ ಬಾಡುತ್ತದೆಂದು ಪ್ರತೀತಿ. ಟೊಮೇಟೊ ಸಸಿಗಳಿಗೆ ಹತ್ತು ದಿನ ನೀರು ನಿಲ್ಲಿಸಿ, ನಡುವೆ ಎಲೆಗಳಿಗೆ ರೋಗದ ಬೂಷ್ಟನ್ನೂ ಎರಚಿ, ಯಾರು ಬದುಕುತ್ತಾರೆಂದು ನೋಡುವುದೇ ಇಪ್ಪತ್ತು ವರ್ಷದಿಂದ ಅವರ ಕಸುಬು. ಏಕೆಂದು ಕೇಳಿದವನ ಊಟದ ಹೊತ್ತು ಮುಳುಗಿತೆಂದೇ ಲೆಕ್ಕ. "ಗಿಡದೊಳಗೆ ಇಬ್ಬರು ಓರಗಿತ್ತಿಯರು ಇದ್ದಾರಪ್ಪ. ಬರ ತಡೆಯೋ ಹಾರ್ಮೋನು ಎದ್ದು ಕೂತರೆ, ರೋಗ ತಡೆಯೋದು ಮುಸುಕು ಹೊದ್ದು ಮಲಗುತ್ತೆ. ಇಬ್ಬರನ್ನೂ ಒಟ್ಟಿಗೆ ಎಬ್ಬಿಸೋ ಜೀನು ಸಿಗಬೇಕು. ಒಂದೇ ಒಂದು ಸಸಿ ಉಳಿದರೆ ಸಾಕು." ಈವರೆಗೆ ಒಂದೂ ಉಳಿದಿಲ್ಲ. ಮನೆಯ ಕುಂಡಗಳನ್ನು ಹೆಂಡತಿ ಮಹಡಿಗೆ ಸಾಗಿಸಿ ಬೀಗ ಹಾಕಿದ್ದಾಳೆ: "ನಿಮ್ಮ ಅಕ್ಕರೆಯೆಲ್ಲ ಅಲ್ಲೇ ಇರಲಿ, ಕೈ ಮುಗೀತೀನಿ." ಈ ಸಲ ನೀರು ನಿಲ್ಲಿಸಿ ಇಂದಿಗೆ ಒಂಬತ್ತನೆಯ ದಿನ. ಮುನ್ನೂರು ಸಸಿಗಳು ಕತ್ತು ಜೋಲಿಸಿವೆ. ನಲವತ್ತೊಂದನೆಯದು ಮಾತ್ರ ಒಂದು ಮಚ್ಚೆಯೂ ಇಲ್ಲದೆ ನೆಟ್ಟಗೆ ನಿಂತಿದೆ. "ಇನ್ನೊಂದೇ ದಿನ ತಡ್ಕೋ, ತಾಯಿ," ಎಂದು ಅದರ ಮುಂದೆ ಬಗ್ಗಿ ಗೋಗರೆದು ಗೋಗರೆದು ಮೇಷ್ಟ್ರ ಗಂಟಲೂ ಒಣಗಿತು. ಎಂದಿನಂತೆ ನೀರಿನ ಬಾಟಲಿಯನ್ನು ಕೋಟಿನೊಳಗೆ ಮರೆಮಾಡಿಕೊಂಡು ಹೊರಗೆ ಬಂದರು, ಬಾಗಿಲು ಮುಚ್ಚಿದರು, ಗಾಜಿಗೆ ಬೆನ್ನು ತಿರುಗಿಸಿ ಎರಡು ಗುಟುಕು ಕುಡಿದರು. ಸಸಿಗಳ ಎದುರು ಅವರು ನೀರು ಕುಡಿದದ್ದನ್ನು ಈ ಇಪ್ಪತ್ತು ವರ್ಷದಲ್ಲಿ ಯಾರೂ ಕಂಡಿಲ್ಲ.